ಎತ್ತುವ ಬಾಗಿಲು

ಮೈಸೂರಿನ ಡಾಕ್ಟರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ನನ್ನ ಗಂಡ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದರು, ಅಷ್ಟೇ. ಬೆನ್ನುಮೂಳೆಯ ನಡುವೆ ಒಂದು ಬಿಲ್ಲೆ ಜಾರಿದೆ, ಅದರ ಕೆಳಗಿನದೂ ಜಾರುವುದಕ್ಕೆ ಕಾದು ಕೂತಿದೆ, ಇನ್ನೊಂದು ಸಲ ಈ ಮನುಷ್ಯ ಭಾರಕ್ಕೆ ಬೆನ್ನು ಕೊಟ್ಟರೆ ಎರಡು ಕಾಲೂ ಹೋಗುತ್ತವೆ, ಆಮೇಲೆ ಇಲ್ಲಿಗೆ ಕರೆತಂದು ಪ್ರಯೋಜನವಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ "ಆಯ್ತು ಸಾ" ಅಂದರು.

ಆಸ್ಪತ್ರೆಯ ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ. ರಸ್ತೆ ಪಕ್ಕ ಒಬ್ಬ ಮುದುಕಿ ಹುಲ್ಲಿನ ಹೊರೆ ಕಟ್ಟಿಕೊಂಡು, ತಲೆ ಮೇಲೆ ಹೊರಿಸುವವರಿಲ್ಲದೆ ಹೋಗಿಬರುವವರ ಮುಖ ನೋಡುತ್ತಿದ್ದಳು. ಇವರು ಹೋಗಿ ಕೈ ಹಾಕಿಯೇ ಬಿಟ್ಟರು. ನಾನು ನಡುಬೀದಿಯಲ್ಲಿ ಕಿರುಚಿದೆ.

"ಉಲ್ಲು ಕಣಮ್ಮಿ ಅದು, ಕಲ್ಲಲ್ಲ," ಅಂದರು.

ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಗಾದೆಯನ್ನು ಹಿರಿಯರು ಇವರನ್ನು ನೋಡಿಯೇ ಕಟ್ಟಿರಬೇಕು. ಬಸ್ಸಿನಲ್ಲಿ ಪಾಂಡವಪುರದ ತನಕ ಇವರು ಕಿಟಕಿ ಪಕ್ಕ ಕೂತು ಕಡಲೆಕಾಯಿ ಸುಲಿದು ತಿಂದರು, ನನಗೂ ಒಂದು ಹಿಡಿ ಕೊಟ್ಟರು.

ಅರವತ್ತರ ದಶಕದ ನಡುಗಾಲ ಅದು. ನಾನು ಪಾಂಡವಪುರದ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಊರವರ ಬಾಯಲ್ಲಿ ಮೇಷ್ಟ್ರಮ್ಮ. ಇವರದು ಒಂದು ಹಳೇ ಪಿಕಪ್ ವ್ಯಾನು. ನಮ್ಮ ಸೀಮೆಯಲ್ಲಿ ನಾಲೆ ನೀರು ಹರಿದ ಕಡೆಯೆಲ್ಲ ಕಬ್ಬು, ಕಬ್ಬಿದ್ದ ಕಡೆಯೆಲ್ಲ ಬೆಲ್ಲ ಕಾಯಿಸುವ ಆಲೆಮನೆ. ಆಲೆಮನೆಯ ಗಾಣ ಒಂದೇ ಕಡೆ ನಿಲ್ಲುವುದಿಲ್ಲ. ಒಬ್ಬರ ಕಬ್ಬು ಅರೆದಾದ ಮೇಲೆ ಇನ್ನೊಬ್ಬರ ಜಮೀನಿಗೆ, ಆ ಊರಿಂದ ಈ ಊರಿಗೆ ಹೋಗುತ್ತಲೇ ಇರಬೇಕು. ಮೂರು ದಪ್ಪ ಕಬ್ಬಿಣದ ಉರುಳೆ, ಅದಕ್ಕೆ ತಕ್ಕ ಕಬ್ಬಿಣದ ಚೌಕಟ್ಟು. ಎಂಟು ಹತ್ತು ಆಳು ಬೊಂಬಿಗೆ ಹಗ್ಗ ಬಿಗಿದು "ಐಸಾ" ಅಂತ ಕೂಗಿ ಎತ್ತಬೇಕು. ಗಾಣ, ಡೀಸೆಲ್ ಇಂಜಿನ್ನು, ಹಿಟ್ಟಿನ ಗಿರಣಿಯ ಕಲ್ಲು, ಇವನ್ನು ಸಾಗಿಸುವುದೇ ಇವರ ಕಸುಬು. ಬಾಡಿಗೆ ಗಾಡಿಗೆ ಮಾತ್ರ. ಎತ್ತುವುದಕ್ಕೆ ಇವರ ಬೆನ್ನು ಪುಕ್ಕಟೆ ಬರುತ್ತಿತ್ತು.

ಆಳು ಇಟ್ಟುಕೊಳ್ಳಿ ಅಂದೆ. ಇಟ್ಟುಕೊಂಡರು. ಕೂಲಿಯನ್ನೂ ಕೊಟ್ಟು, ಆಳುಗಳ ನಡುವೆ ತಾವೂ ಹೆಗಲು ಕೊಟ್ಟರು. "ಅವ್ರು ಎತ್ತವಾಗ ನಾನೇನು ಸೊಂಟದ ಮೇಲೆ ಕೈ ಇಟ್ಕಂಡು ನಿಂತ್ಕಳದಾ? ನಾಳೆ ಮಕ ತೋರ್ಸದ್ ಬ್ಯಾಡವಾ?" ಅನ್ನುವ ಉತ್ತರ. ಗಾಡಿ ಮಾರಿಬಿಡಿ ಅಂದೆ. ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟರು, ಮುದ್ದೆ ಬಿಡಲಿಲ್ಲ.

ನನ್ನ ಸ್ಥಿತಿ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದರೆ ಇವರಿಗೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಆಗುತ್ತಿರಲಿಲ್ಲ. ಬೀದಿಯವರು ನೋಡದ ಹಾಗೆ ಬಾಗಿಲು ಮುಂದೆ ಮಾಡಿ, ನಾನೇ ಕಾಲಿಗೆ ತೊಡಿಸುತ್ತಿದ್ದೆ. ಹಾಗೆ ತೊಡಿಸುವಾಗೆಲ್ಲ ಆ ಪಾದ ಹಿಡಿದುಕೊಂಡು, ಬೆರಳು ಆಡಿಸಿ ಅನ್ನುತ್ತಿದ್ದೆ. ಆಡಿಸಿ ತೋರಿಸುತ್ತಿದ್ದರು. ಆಮೇಲೆ ನಾನು ಸ್ಕೂಲಿಗೆ ಹೋಗಿ ಮಗ್ಗಿ ಹೇಳಿಕೊಡುತ್ತಿದ್ದೆ. ಹನ್ನೆರಡರ ಮಗ್ಗಿಯ ನಡುವೆ ಎಲ್ಲೋ ಹೊರಗೆ ಗಾಡಿಯ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಯಾರೋ ಬಂದು ಬಾಗಿಲಲ್ಲಿ ನಿಂತು "ಮೇಷ್ಟ್ರಮ್ಮ, ಒಸಿ ಬನ್ನಿ" ಅಂತ ಕರೆಯುತ್ತಾರೆ ಅಂತಲೇ ದಿನವಿಡೀ ಕಾಯುತ್ತಿದ್ದೆ. ಮಕ್ಕಳಿಗೆ ವಿನಾಕಾರಣ ಹೊಡೆದಿದ್ದೇನೆ ಆ ದಿನಗಳಲ್ಲಿ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಒಂದು ದಿನ ಶ್ರೀರಂಗಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಮಿಲಿಟರಿ ಲಾರಿ ಕೆಟ್ಟು ನಿಂತಿತ್ತು. ಅದರ ಹಿಂದಿನ ತಗಡಿನ ಬಾಗಿಲು ಬೇರೆ ಲಾರಿಗಳ ಹಾಗೆ ಜೋತುಬೀಳದೆ ನೆಲದ ತನಕ ಇಳಿಯಿತು. ನೆಲಕ್ಕೆ ಮಲಗಿದ ತಗಡಿನ ಮೇಲೆ ಒಂದು ತುಂಬಿದ ಎಣ್ಣೆ ಡ್ರಮ್ಮು ಉರುಳಿಸಿ ನಿಲ್ಲಿಸಿದರು. ಒಬ್ಬ ಸಿಪಾಯಿ, ಒಬ್ಬನೇ ಒಬ್ಬ, ಪಕ್ಕದ ಹ್ಯಾಂಡಲ್ ತಿರುಗಿಸಿದ. ತಗಡು ಡ್ರಮ್ಮನ್ನು ಹೊತ್ತುಕೊಂಡು ಸಮನಾಗಿ ಮೇಲೇರಿ ಲಾರಿಯ ಮಟ್ಟಕ್ಕೆ ನಿಂತಿತು. ಸಿಪಾಯಿ ಬೀಡಿ ಸೇದುತ್ತಲೇ ಇದ್ದ. ನಮ್ಮ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತು ಇನ್ನೂ ಎರಡು ಡ್ರಮ್ಮು ಏರುವುದನ್ನು ನೋಡಿದೆ. ನನಗೆ ಅಳು ಬಂತು.

ಮನೆಗೆ ಬಂದು ಹೇಳಿದರೆ ಇವರು ನಕ್ಕರು. "ಗಾಡಿಗೆ ಬಾಲ ಕಟ್ಟುಸ್ತೀಯಾ? ಕಟ್ಟುಸು ಕಟ್ಟುಸು. ಅಂಗೇ ಎರಡು ಕೊಂಬೂ ಇಡ್ಸು." ನಗಲಿ. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಾಗಿತ್ತು ನನಗೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾನು ಭಾರ ಎತ್ತುವ ಯಂತ್ರ ಹುಡುಕಿಕೊಂಡು ಹೊರಟೆ. ಮೊದಲು ನಾಗಮಂಗಲ. ಅಲ್ಲಿ ಕಂಚು ಎರಕ ಹೊಯ್ಯುವವರ ಮನೆಯಲ್ಲಿ ಆಳೆತ್ತರದ ವಿಗ್ರಹಗಳನ್ನು ಚೈನು ರಾಟೆಯಿಂದ ಎತ್ತುತ್ತಾರೆ ಅಂತ ಕೇಳಿದ್ದೆ. ಹೌದು, ಮೂರು ಮರದ ಕಂಬ ಕೂಡಿಸಿ ಮುಕ್ಕಾಲಿ ಮಾಡಿ, ನೆತ್ತಿಯಲ್ಲಿ ರಾಟೆ ನೇತುಹಾಕಿದ್ದರು. ಚೈನು ಎಳೆದರೆ ಕಟಕಟ ಅಂತ ಭಾರ ಏರುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಆ ಮನೆಯ ಹಿರಿಯರು ಪ್ರಾಮಾಣಿಕರು. "ಇದು ಕೂತ ಜಾಗದಲ್ಲಿ ಎತ್ತಕ್ಕೆ ಸರಿ ಕಣವ್ವ. ಊರೂರ ಮೇಲೆ ಹೊತ್ಕೊಂಡು ತಿರುಗಕ್ಕೆ ಆಗಾಕಿಲ್ಲ. ಆ ಕಂಬ ಒಂದೊಂದೂ ಇಬ್ಬರಾಳು ಭಾರ," ಅಂದರು. ಆ ಇಬ್ಬರಾಳಿನಲ್ಲಿ ಒಬ್ಬ ಯಾರು ಅಂತ ನನಗೆ ಗೊತ್ತಿತ್ತು. ಎದ್ದು ಬಂದೆ.

ಕೆ.ಆರ್. ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ಕು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಯಾವ ಮಿಷನ್ನೂ ಬ್ಯಾಡ ಮೇಡಮ್ಮ. ಒಂದು ಗುಂಡಿ ತೋಡಿ ಗಾಡಿ ಹಿಂದ್ಲ ಚಕ್ರ ಇಳ್ಸಿ. ಗಾಡಿ ನೆಲದ ಮಟ್ಟಕ್ಕೆ ಬತ್ತದೆ. ಸಾಮಾನು ತಳ್ಕಂಡೋಗಿ," ಅಂದ.

"ಪ್ರತಿ ಊರಲ್ಲೂ ಗುಂಡಿ ತೋಡೋರು ಯಾರಪ್ಪ?"

"ನಿಮ್ಮೆಜಮಾನ್ರು ಗಟ್ಟಿಯಾಗವ್ರಲ್ಲ," ಅಂದ ಮಹರಾಯ.

ಕೊನೆಗೆ ದಾರಿ ತೋರಿಸಿದವರು ಗಂಜಾಂನ ವೆಲ್ಡಿಂಗ್ ಸಾಬರು. ಅರವತ್ತು ದಾಟಿದ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ನಾನು ಮಿಲಿಟರಿ ಲಾರಿಯ ವಿಷಯ ಹೇಳುತ್ತಿದ್ದ ಹಾಗೇ ಸೀಮೆಸುಣ್ಣ ತೆಗೆದು ಅಂಗಡಿಯ ನೆಲದ ಮೇಲೆ ಬರೆದರು. ಒಂದಲ್ಲ, ಎರಡು ಚಿತ್ರ.

"ದೇಖೋ ಅಮ್ಮಾ, ಎರಡು ಥರ ಮಾಡಬಹುದು. ಇದು ಒಂದು. ಗಾಡಿ ಹಿಂದೆ ಎರಡು ಕಬ್ಬಿಣದ ಕಂಬ ನಿಲ್ಲಿಸಿ ಅದಕ್ಕೆ ಉದ್ದಕ್ಕೂ ತೋಡು ಕೊರೆಯೋದು, ಬಾಗಿಲು ಆ ತೋಡಲ್ಲಿ ಕೂತು ಮೇಲೆ ಕೆಳಗೆ ಓಡುತ್ತೆ. ಆನೆ ಬಂದು ತಳ್ಳಿದರೂ ಓರೆ ಆಗಲ್ಲ. ಕಬ್ಬಿಣ ಮೈಸೂರಿಂದ ಬರಬೇಕು, ಒಂದು ತಿಂಗಳು ಬೇಕು. ಇನ್ನೊಂದು, ಬಾಗಿಲಿಗೆ ಎರಡು ಪಕ್ಕ ತಂತಿ ಹಗ್ಗ, ಮೇಲೆ ಎರಡು ರಾಟೆ, ಒಂದು ಹ್ಯಾಂಡಲ್. ಎಂಟು ದಿನದಲ್ಲಿ ಕೊಡ್ತೀನಿ. ಭಾರ ಎರಡೂ ಎತ್ತುತ್ತೆ. ಆದರೆ ಹಗ್ಗದ್ದಕ್ಕೆ ಒಂದು ಕಾಯಿಲೆ ಇದೆ."

ಕಾಯಿಲೆ ಏನು ಅಂತ ತೋರಿಸಲು ನನ್ನ ಚೀಲದಲ್ಲಿದ್ದ ಸ್ಲೇಟನ್ನೇ ಕೇಳಿ ತೆಗೆದುಕೊಂಡರು. ಎರಡು ದಾರ ಕಟ್ಟಿ ಗೋಡೆಯ ಎರಡು ಮೊಳೆಗೆ ಅಡ್ಡಲಾಗಿ ತೂಗುಹಾಕಿ, ಮೇಲೆ ಒಂದು ದೊಡ್ಡ ಬೋಲ್ಟು ಇಟ್ಟರು. ಸ್ಲೇಟು ಸಮನಾಗಿ ನಿಂತಿತು. ಆಮೇಲೆ ಎಡಗಡೆಯ ಅಂಚನ್ನು ಕಿರುಬೆರಳಿನಿಂದ ಮೆಲ್ಲಗೆ ಎತ್ತಿದರು. ಆ ಕಡೆಯ ದಾರ ಸಡಿಲವಾಗಿ ಮೊಳೆಯಿಂದ ಜಾರಿತು. ಬೆರಳು ತೆಗೆದರು. ಬೋಲ್ಟು ಠಣ್ ಅಂತ ನೆಲಕ್ಕೆ ಬಿತ್ತು.

"ಎರಡು ಹಗ್ಗವೂ ಯಾವಾಗಲೂ ಬಿಗಿಯಾಗಿರಬೇಕು ಅಮ್ಮಾ. ಬಾಗಿಲು ಏಳುವಾಗ ಯಾರೂ ಕೈ ಹಾಕಬಾರದು. ಸಹಾಯ ಮಾಡ್ತೀನಿ ಅಂತ ಯಾರಾದರೂ ಕೆಳಗಿಂದ ಎತ್ತಿದರೋ, ಅಲ್ಲಿಗೆ ಮುಗೀತು. ಅದು ಅಲ್ಲಾಡುತ್ತೆ, ಸದ್ದು ಮಾಡುತ್ತೆ. ಮಾಡಲಿ. ದೂರ ನಿಂತುಕೊಂಡು ನೋಡ್ತಾ ಇರಿ."

ನಾನು ಮೂವತ್ತು ಮಕ್ಕಳಿಗೆ ಪಾಠ ಹೇಳುವವಳು. ಒಂದು ಸಲ ಕೇಳಿದ್ದು ನನ್ನ ತಲೆಗೆ ಇಳಿಯುತ್ತದೆ. ಅವರು ಹೇಳಿದ್ದನ್ನು ಅವರಿಗೇ ತಿರುಗಿ ಒಪ್ಪಿಸಿದೆ. ಸಾಬರು ಶಹಭಾಷ್ ಅಂದರು. ಆದರೂ ಕೊನೆಗೆ, "ನನ್ನ ಕೇಳಿದರೆ ಒಂದು ತಿಂಗಳು ತಡೀರಿ, ಕಂಬಕ್ಕೆ ತೋಡು ಕೊರೆದಿದ್ದೇ ಹಾಕಿಸಿ. ನಿಮ್ಮ ಕಡೆ ಜನ ಸುಮ್ಮನೆ ನಿಲ್ಲೋರಲ್ಲ," ಅಂದರು.

ಒಂದು ತಿಂಗಳು ತಡೆಯುವುದು! ಅಕ್ಕಿಹೆಬ್ಬಾಳಿನ ಒಂದು ಆಲೆಮನೆಯಿಂದ ಸಿಂಧಘಟ್ಟಕ್ಕೆ ಗಾಣ ಸಾಗಿಸಲು ಇವರು ಆಗಲೇ ಒಪ್ಪಿಕೊಂಡು ಬಂದಿದ್ದರು, ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರಕ್ಕೆ. ಬೇರೆ ಗಾಡಿಯವರಿಗೆ ಹೇಳಿ ಅಂದರೆ, ಮಾತು ಕೊಟ್ಟಾಯ್ತು ಅಂತಿದ್ದರು. ನಾನು ಸಾಬರ ಅಂಗಡಿಯಿಂದ ಎದ್ದು ನಿಮಿಷಾಂಬ ಗುಡಿಗೆ ಹೋದೆ. ಹೊಳೆಯಲ್ಲಿ ಕಾಲು ತೊಳೆದು, ಕೈ ಮುಗಿದು ನಿಂತು, ತಾಯಿ, ಇವರ ಕಾಲು ಉಳಿಸು ಅಂದೆ. ನಿಮಿಷದಲ್ಲಿ ನಡೆಸಿಕೊಡುವ ದೇವರಲ್ಲವೇ. ನನಗೆ ಒಂದು ತಿಂಗಳು ತಡೆಯುವ ಬುದ್ಧಿ ಕೊಡು ಅಂತ ಕೇಳಬೇಕಾಗಿತ್ತು. ಅದನ್ನು ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ಆತುರಗಾರ್ತಿಗೂ ಅಷ್ಟೇ. ಗುಡಿಯಿಂದ ವಾಪಸು ಬಂದು, ಹಗ್ಗದ್ದೇ ಮಾಡಿ ಅಂತ ಹೇಳಿಬಿಟ್ಟೆ.

ಸಾಬರು ಮಾತಿಗೆ ತಪ್ಪಲಿಲ್ಲ. ಎಂಟನೇ ದಿನ ನಮ್ಮ ಮನೆಯ ಮುಂದೆ ಗಾಡಿ ಬಂದು ನಿಂತಿತು, ಹಿಂದೆ ಹೊಸ ಬಾಗಿಲು. ಬೀದಿಗೆ ಬೀದಿಯೇ ಸೇರಿತು. ಹಿತ್ತಲಲ್ಲಿದ್ದ ಹಳೇ ಒರಳುಕಲ್ಲನ್ನು ಉರುಳಿಸಿ ತಗಡಿನ ಮೇಲೆ ಇಟ್ಟರು. ಇವರು ಒಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸಿದರು, ಇನ್ನೊಂದು ಕೈ ಸೊಂಟದ ಮೇಲೆ. ಹಲ್ಲಿನ ಚಕ್ರ ಟಿಕ್ ಟಿಕ್ ಅನ್ನುತ್ತಾ ತಿರುಗಿತು, ಒರಳು ಏರಿತು. ಎದುರುಮನೆಯ ಅಜ್ಜಿ ಕೆನ್ನೆ ಮೇಲೆ ಕೈಯಿಟ್ಟುಕೊಂಡು, "ಅಯ್ಯ ನಮ್ಮವ್ವ! ಬಾಗ್ಲೇ ಎತ್ತುತ್ತಲ್ಲಾ!" ಅಂದಳು. ಅವತ್ತಿಂದ ಅದಕ್ಕೆ ಎತ್ತೋ ಬಾಗಿಲು ಅಂತಲೇ ಹೆಸರಾಯಿತು.

ಇವರು ಒರಳನ್ನು ಮೂರು ಸಲ ಏರಿಸಿ ಮೂರು ಸಲ ಇಳಿಸಿದರು. ಜನ ಚದುರಿದ ಮೇಲೆ ಜಗಲಿ ಮೇಲೆ ಕೂತು, "ನನ್ನ ಕೆಲ್ಸ ಕಿತ್ಕಂಡ್ಬುಡ್ತು ಕಣಮ್ಮಿ," ಅಂದರು. ಮುಖದಲ್ಲಿ ನಗು ಇತ್ತು, ಸ್ವಲ್ಪ ಬೇಜಾರೂ ಇತ್ತು. ನನಗೆ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಅವತ್ತು ಒಬ್ಬಟ್ಟು ಮಾಡಿದೆ, ಹಬ್ಬ ಇಲ್ಲದೆ ಹರಿದಿನ ಇಲ್ಲದೆ.

ಭಾನುವಾರ ನಾನೂ ಗಾಡಿಯಲ್ಲಿ ಹೊರಟೆ. ನಂಬಿಕೆ ಇದ್ದದ್ದು ಬಾಗಿಲ ಮೇಲೆ, ಇವರ ಮೇಲಲ್ಲ. ದಾರಿಯುದ್ದಕ್ಕೂ ಆಣೆ ಮಾಡಿಸಿಕೊಂಡೆ: ಹ್ಯಾಂಡಲ್ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ ಅಂತ. "ಆಯ್ತು ಮಾರಾಯ್ತಿ, ನಿನ್ನಾಣೆ," ಅಂದರು. ಅಕ್ಕಿಹೆಬ್ಬಾಳಿನ ಆಲೆಮನೆ ಊರಾಚೆ ಗದ್ದೆ ಬಯಲಿನಲ್ಲಿತ್ತು. ಒಲೆ ಆರಿತ್ತು, ಕೊಪ್ಪರಿಗೆ ಬೋರಲು ಹಾಕಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಆಲೆಮನೆಯ ಗೌಡರು, ಎಪ್ಪತ್ತರ ಹತ್ತಿರದ ಮುದುಕರು, ಹತ್ತಾಳು ಸೇರಿಸಿಕೊಂಡು ಬೊಂಬು ಹಗ್ಗ ಸಿದ್ಧಮಾಡಿಕೊಂಡು ಕಾಯುತ್ತಿದ್ದರು.

ನಾನು ಕ್ಲಾಸಿನಲ್ಲಿ ನಿಂತ ಹಾಗೆ ನಿಂತು ಎಲ್ಲರಿಗೂ ಹೇಳಿದೆ. ಬೊಂಬು ಬೇಡ. ಗಾಣವನ್ನು ಉರುಳುಗಟ್ಟಿಗೆಗಳ ಮೇಲೆ ತಳ್ಳಿಕೊಂಡು ಬಂದು ತಗಡಿನ ಮೇಲೆ ಕೂರಿಸಿ, ಆಮೇಲೆ ಎಲ್ಲರೂ ದೂರ ಸರಿಯಿರಿ. ಬಾಗಿಲು ಏಳುವಾಗ ಒಬ್ಬರೂ ಮುಟ್ಟಬಾರದು. ಸ್ಲೇಟಿನ ಕಥೆಯನ್ನೂ ಹೇಳಿದೆ.

"ಮೇಷ್ಟ್ರಮ್ಮ ಕೈ ಕಟ್ಟು ಅಂತಾವ್ರೆ, ಕಟ್ರಲಾ ಎಲ್ಲ," ಅಂತ ಒಬ್ಬ ಕೂಗಿದ. ಹತ್ತು ಜನ ದಾಂಡಿಗರೂ ಸ್ಕೂಲು ಹುಡುಗರ ಹಾಗೆ ಎದೆಯ ಮೇಲೆ ಕೈ ಕಟ್ಟಿಕೊಂಡು ಸಾಲಾಗಿ ನಿಂತರು. ಗೌಡರಿಗೆ ನಗು ತಡೆಯಲಾಗಲಿಲ್ಲ. "ಅಲ್ಲ ಕಣವ್ವ, ಭಾರ ಏಳವಾಗ ನೋಡ್ಕಂಡು ನಿಂತ್ಕಳದು ಅಂದ್ರೆ ಒಂಥರಾ ಆಗ್ತದಪ್ಪ. ಪಾಪ ಅಂತಾರೆ," ಅಂದರು. ಆದರೂ ಅವರೂ ಕೈ ಕಟ್ಟಿದರು.

ಇವರು ಹ್ಯಾಂಡಲ್ ತಿರುಗಿಸಲು ಶುರುಮಾಡಿದರು. ಟಿಕ್ ಟಿಕ್. ಗಾಣ ನೆಲ ಬಿಟ್ಟಿತು. ಮೊಳಕಾಲಿನ ಮಟ್ಟ. ತೊಡೆಯ ಮಟ್ಟ. ನಾನು ಇವರ ಬೆನ್ನನ್ನೇ ನೋಡುತ್ತಿದ್ದೆ, ಅದು ನೆಟ್ಟಗಿತ್ತು. ಸೊಂಟದ ಮಟ್ಟಕ್ಕೆ ಬರುವಾಗ ಗಾಣ ಎರಡು ಬೆರಳಿನಷ್ಟು ಜರುಗಿತು. ಹಗ್ಗ ಕಿರ್ ಅಂತು. ತಗಡು ಅದುರಿತು.

ಅದು ಅಲ್ಲಾಡುತ್ತೆ, ಸದ್ದು ಮಾಡುತ್ತೆ ಅಂತ ಸಾಬರು ಹೇಳಿದ್ದರು. ನನಗೆ ಗೊತ್ತಿತ್ತು. ಹತ್ತು ನಿಮಿಷದ ಹಿಂದೆ ನಾನೇ ಹೇಳಿದ್ದೆ. ಆದರೆ ಹುಟ್ಟಿದಾಗಿನಿಂದ ನೀರಿನ ಕೊಡಕ್ಕೆ, ಸೌದೆ ಹೊರೆಗೆ, ಕೆಸರಲ್ಲಿ ಹೂತ ಗಾಡಿಗೆ ಜನರನ್ನು ಕೂಗಿ ಕರೆದ ಬಾಯಿ ನನ್ನದು. ಅಕ್ಕಪಕ್ಕ ಆಳಿರುವಾಗ ಒಂದು ಭಾರ ಅದುರಿದರೆ ನಮ್ಮ ಕಡೆ ಯಾವ ಹೆಂಗಸಿನ ಬಾಯಿಂದಲೂ ಏನು ಬರುತ್ತದೋ ಅದೇ ಬಂತು. ಸ್ಕೂಲಿನ ಭಾಷೆ ಎಲ್ಲಿ ಹೋಯಿತೋ.

"ಅಯ್ಯೋ, ನೋಡ್ಕಂಡು ನಿಂತಿದ್ದೀರಲ್ಲ, ಕೈ ಆಕ್ರಪ್ಪೋ!"

ಅವರು ಕಾಯುತ್ತಿದ್ದದ್ದೇ ಆ ಮಾತಿಗೆ. ಕಟ್ಟಿದ್ದ ಕೈಗಳೆಲ್ಲ ಒಂದೇ ಸಲಕ್ಕೆ ಬಿಚ್ಚಿಕೊಂಡವು. "ಐಸಾ" ಅಂತ ಎಡಗಡೆಗೆ ನುಗ್ಗಿ, ತಗಡಿನ ಕೆಳಗೆ ಕೈ ಕೊಟ್ಟು, ಹೆಗಲು ಕೊಟ್ಟು ಎತ್ತಿಯೇ ಎತ್ತಿದರು. ಎಲ್ಲರಿಗಿಂತ ಮುಂದೆ, ತಗಡಿನ ಅಡಿಯಲ್ಲೇ, ಗೌಡರು. ಎಡಗಡೆಯ ಹಗ್ಗ ಸಡಿಲವಾಗಿ ಹಾವಿನ ಹಾಗೆ ಸುತ್ತಿಕೊಂಡು ರಾಟೆಯಿಂದ ಆಚೆ ಬಿತ್ತು. ನಾನು ಅದನ್ನು ಕಣ್ಣಾರೆ ನೋಡಿದೆ.

"ಬುಡ್ಬ್ಯಾಡಿ! ಯಾರೂ ಕೈ ಬುಡ್ಬ್ಯಾಡಿ!" ಇವರ ಕೂಗು.

ಯಾರೂ ಬಿಡಲಿಲ್ಲ. ಆದರೆ ಈಗ ಗಾಣದ ಅರ್ಧ ಭಾರ ಅವರ ಮೇಲೇ ಇತ್ತು. ಜರುಗಿದ ಗಾಣ ಅವರ ಕಡೆಗೇ ವಾಲುತ್ತಿತ್ತು. ಒಬ್ಬರು ಕೈ ಬಿಟ್ಟರೂ ಅದು ಬೀಳುವುದು ಗೌಡರ ಮೇಲೆ. ಮುದುಕರ ಕಾಲು ಕಬ್ಬಿನ ಸಿಪ್ಪೆಯ ಮೇಲೆ ಜಾರುತ್ತಿತ್ತು. "ಜಾರ್ತದೆ ಕಣ್ಲಾ, ಯಾರಾದ್ರೂ ಬರ್ರಲಾ," ಅಂತ ಅವರು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಬರುವುದಕ್ಕೆ ಇದ್ದದ್ದು ಒಬ್ಬರೇ. ಹಲ್ಲಿನ ಚಕ್ರ ಹ್ಯಾಂಡಲನ್ನು ಹಿಡಿದು ನಿಲ್ಲಿಸಿತ್ತು. ಇವರು ಅದನ್ನು ಬಿಟ್ಟು ಬಂದರು.

"ಬ್ಯಾಡ ಕಣ್ರೀ! ನನ್ನಾಣೆ ಕಣ್ರೀ!" ಅಂತ ನಾನು ಅರಚಿದೆ. ಓಡಿಹೋಗಿ ಅಂಗಿ ಹಿಡಿದೆ. ಅಂಗಿ ಹರಿದು ತುಂಡು ನನ್ನ ಕೈಯಲ್ಲಿ ಉಳಿಯಿತು. ಇವರು ಬಗ್ಗಿ, ಗೌಡರ ಪಕ್ಕ ನುಸುಳಿ, ತಗಡಿಗೆ ಬೆನ್ನು ಕೊಟ್ಟು ಎದ್ದರು. ಒಂದು ಗೇಣು. ಅಷ್ಟು ಎದ್ದದ್ದರಲ್ಲಿ ಗೌಡರು ಆಚೆ ಉರುಳಿಕೊಂಡರು, ಮಿಕ್ಕವರು ಗಾಣವನ್ನು ಬಲಗಡೆಗೆ ನೂಕಿದರು. ಅದು ಖಾಲಿ ನೆಲಕ್ಕೆ ಬಿದ್ದು ಅರ್ಧ ಅಡಿ ಹೂತುಕೊಂಡಿತು. ಒಬ್ಬರಿಗೂ ಉಗುರು ಕೂಡ ಹೋಗಲಿಲ್ಲ. ಎಲ್ಲರೂ ಹೋ ಅಂತ ಕೂಗಿದರು.

ಇವರು ಊಟಕ್ಕೆ ಕೂರುವವರ ಹಾಗೆ ಮೆಲ್ಲಗೆ ನೆಲಕ್ಕೆ ಕೂತರು. ಆಮೇಲೆ ಪಕ್ಕಕ್ಕೆ ಒರಗಿದರು.

ಆಮೇಲೆ ಎಷ್ಟೋ ವರ್ಷ ಆ ಕಡೆಯ ಜನ ಹೇಳುತ್ತಿದ್ದದ್ದು ಒಂದೇ: ಹಗ್ಗ ಜಾರಿತು. ಗೌಡರು ಸಾಯುವ ತನಕ ಹಾಗೇ ಹೇಳಿದರು. ಗಂಜಾಂನ ಸಾಬರು ವಿಷಯ ತಿಳಿದು ಮನೆಗೆ ಬಂದು, ನನ್ನ ಎದುರಿಗೆ ಕೂತು ಕಣ್ಣೀರು ಹಾಕಿದರು, ತಿಂಗಳು ತಡೆಯಲೇಬೇಕು ಅಂತ ನಾನು ಹಟ ಹಿಡಿಯಬೇಕಿತ್ತು ಅಮ್ಮಾ ಅಂದರು. ಅವರಿಗೆ ಅವತ್ತಾದರೂ ನಾನು ನಿಜ ಹೇಳಬಹುದಾಗಿತ್ತು. ಹೇಳಲಿಲ್ಲ. ಆ ಮಾತು ಕೂಗಿದವಳು ನಾನು ಅಂತ ಹನ್ನೊಂದು ಜನರಿಗೆ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಇವರಂತೂ ಒಂದು ದಿನಕ್ಕೂ ಎತ್ತಿ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಹಾಕಿದ್ದರೂ ಚೆನ್ನಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆಯನ್ನು ಮಕ್ಕಳಿಗೆ ಬರೆಸುವಾಗ ಬೋರ್ಡಿನ ಕಡೆ ತಿರುಗಿ ನಿಂತುಬಿಡುತ್ತಿದ್ದೆ.

ಅವತ್ತಿನದನ್ನು ಹೇಳಿ ಮುಗಿಸುತ್ತೇನೆ.

ಗಾಡಿ ಓಡಿಸಲು ಬರುವವರು ಅಲ್ಲಿ ಯಾರೂ ಇರಲಿಲ್ಲ. ಪಕ್ಕದ ಊರಿನಲ್ಲಿ ಟ್ರಾಕ್ಟರು ಓಡಿಸುವವನೊಬ್ಬನಿದ್ದಾನೆ ಅಂತ ಒಬ್ಬ ಸೈಕಲ್ ಹತ್ತಿ ಹೋದ. ಅವನು ಬರಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇವರು ಹೊಂಗೆ ನೆರಳಿನಲ್ಲಿ ಅಲ್ಲಾಡದೆ ಮಲಗಿದ್ದರು, ಚಪ್ಪಲಿ ಯಾರೋ ಬಿಚ್ಚಿಟ್ಟಿದ್ದರು. ತಲೆ ನನ್ನ ತೊಡೆಯ ಮೇಲೆ. ಗೌಡರು ಟವಲು ಒದ್ದೆ ಮಾಡಿ ತಂದು ಮುಖ ಒರೆಸಿದರು, ಎಳನೀರು ಕುಡಿಸಿದರು. "ಸುಸ್ತಷ್ಟೇ. ಒಂಚೂರು ಮಲಗಿದ್ರೆ ಸರೋಯ್ತದೆ," ಅಂತ ಇವರೇ ಎಲ್ಲರಿಗೂ ಧೈರ್ಯ ಹೇಳುತ್ತಿದ್ದರು. ಬಯಲಲ್ಲಿ ನಮ್ಮ ಗಾಡಿ ಬಿಸಿಲಿಗೆ ಕಾಯುತ್ತಾ ನಿಂತಿತ್ತು.

ಡ್ರೈವರು ಬಂದ. ಜಾರಿದ ಹಗ್ಗವನ್ನು ಹೇಗೋ ಬಿಗಿದು ಬಾಗಿಲನ್ನು ಗಾಡಿಯ ಮಟ್ಟಕ್ಕೆ ಕಟ್ಟಿದರು, ಉದ್ದ ಆಳು, ಗಾಡಿಯೊಳಗೆ ಪೂರ್ತಿ ಹಿಡಿಸುವುದಿಲ್ಲ ಅಂತ. ಒಳಗೆ ಕಬ್ಬಿನ ಸೋಗೆ ಹರಡಿ ಅದರ ಮೇಲೆ ಕಂಬಳಿ ಹಾಸಿದರು. ಆಮೇಲೆ ಹತ್ತೂ ಜನ ಸುತ್ತ ನಿಂತು, ತಲೆಗೆ ಇಬ್ಬರು, ಭುಜಕ್ಕೆ ಇಬ್ಬರು, ಸೊಂಟಕ್ಕೆ ನಾಲ್ಕು, ಕಾಲಿಗೆ ಇಬ್ಬರು, ಕೈ ಕೊಟ್ಟರು. ಯಾರೂ ಐಸಾ ಅನ್ನಲಿಲ್ಲ. ಎತ್ತಿದ್ದು ಗೊತ್ತಾಗಲಿಲ್ಲ, ಇಳಿಸಿದ್ದು ಗೊತ್ತಾಗಲಿಲ್ಲ, ಹಸುಗೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಮಲಗಿಸಿದರು.

ನಾನು ಹಿಂದಿನಿಂದ ಗಾಡಿ ಹತ್ತುತ್ತಿದ್ದೆ. ಇವರು ತಲೆ ಓರೆ ಮಾಡಿ ನನ್ನನ್ನು ನೋಡಿದರು. ಮುಖದಲ್ಲಿ ನೋವಿರಲಿಲ್ಲ.

"ನೋಡ್ದಾ, ಎಷ್ಟು ನಾಜೂಕಾಗಿ ಎತ್ತವ್ರೆ. ಒಂದಿಷ್ಟೂ ನೋವಾಗ್ಲಿಲ್ಲ ಕಣಮ್ಮಿ."

ನ‌ನಗೆ ಹೋದ ಜೀವ ಬಂತು. ನೋವಿಲ್ಲ ಅಂದರಲ್ಲ. ಡಾಕ್ಟರು ಹೆದರಿಸಲು ಹೇಳಿದ್ದಿರಬೇಕು, ಡಾಕ್ಟರುಗಳು ಹಾಗೇ ತಾನೇ, ತಾಯಿ ನಿಮಿಷಾಂಬ ಕಾಪಾಡಿದಳು ಅಂದುಕೊಂಡು, ಮೇಲೆ ಹತ್ತಲು ಬಾಗಿಲ ತಗಡಿನ ಮೇಲೆ ಅಂಗೈ ಊರಿದೆ. ಚುರ್ ಅಂತು. ಕಾದ ಹೆಂಚು. ಕೈ ಹಿಂದಕ್ಕೆ ಎಳೆದುಕೊಂಡು ಬಾಯಿಂದ ಊದಿಕೊಂಡೆ. ಅಂಗೈ ಕೆಂಪಗಾಗಿತ್ತು. ಆಗ ನೋಡಿದೆ, ಕಂಬಳಿ ಅಲ್ಲಿಯ ತನಕ ಬಂದಿರಲಿಲ್ಲ. ಇವರ ಬರಿಗಾಲಿನ ಎರಡು ಹಿಮ್ಮಡಿಗಳೂ ಅದೇ ತಗಡಿನ ಮೇಲೆ ಇದ್ದವು.

"ಕಾಲು ತೆಗೀರಿ, ತಗಡು ಸುಡ್ತದೆ," ಅಂದೆ.

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಚೂರು ಮೈ ಬಿಗಿಹಿಡಿದು, ಉಸಿರು ಬಿಟ್ಟು,

"ತಗದ್ನಲ್ಲ," ಅಂದರು.

ಪಾದಗಳೆರಡೂ ಇಟ್ಟಲ್ಲೇ ಇದ್ದವು.